ಹಸಿರು ದಾರದ ಬಾಟಲಿ

ಖಾದರ್ ಸಾಬರ ಎಡಗಣ್ಣು ಹೋದದ್ದು ನನ್ನಿಂದ. ಅವರ ಹೆಂಡತಿ ಜುಬೇದಮ್ಮನಿಂದ ಅಲ್ಲ. ರಾಮನಗರದ ಆ ಬೀದಿಯ ಹಳಬರು ಈಗಲೂ ಬೇರೆ ಥರ ಹೇಳುತ್ತಾರೆ. ಹೆಂಡತಿ ನೋಡದೆ ಬಾಟಲಿ ತುಂಬಿದಳು, ಗಂಡನ ಮುಖ ಸುಟ್ಟಿತು ಅಂತ. ಅವರು ಹಾಗೆ ನಂಬುವಂತೆ ಮಾಡಿದವನೂ ನಾನೇ. ಒಂದು ತಪ್ಪು ಕೈಯಿಂದ ಆಯಿತು, ಇನ್ನೊಂದು ಬಾಯಿಂದ. ಮೊದಲನೆಯದನ್ನು ಮರೆವು ಅನ್ನಬಹುದೇನೋ. ಎರಡನೆಯದನ್ನು ಏನನ್ನಲಿ — ಇಷ್ಟು ವರ್ಷ ಹುಡುಕಿದರೂ ನನಗೆ ಒಂದು ಮೆತ್ತನೆಯ ಹೆಸರು ಸಿಕ್ಕಿಲ್ಲ.

ನಲವತ್ತು ವರ್ಷಕ್ಕೂ ಮೇಲಾಯಿತು. ನನ್ನ ಹೆಂಡತಿಗೂ ಇದನ್ನು ಹೇಳಿರಲಿಲ್ಲ.

ಆಗ ನಾನು ರಾಮನಗರದ ಅಂಚೆ ಕಚೇರಿಯಲ್ಲಿ ಗುಮಾಸ್ತ. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡರು, ಓದು ಅಲ್ಲಿಗೇ ನಿಂತಿತು, ಕೆಲಸ ಸಿಕ್ಕಿತು. ಆದರೆ ಕೆಮಿಸ್ಟ್ರಿ ನನ್ನನ್ನು ಬಿಡಲಿಲ್ಲ. ಇನ್ನೂ ಮದುವೆಯಾಗಿರದಿದ್ದ ಆ ದಿನಗಳಲ್ಲಿ ಬಾಡಿಗೆ ಮನೆಯ ಹಿತ್ತಲಲ್ಲಿದ್ದ ಸೌದೆ ಕೊಟ್ಟಿಗೆಯೇ ನನ್ನ ಪ್ರಯೋಗಶಾಲೆ. ಬೆಂಗಳೂರಿಗೆ ಹೋದಾಗಲೆಲ್ಲ ಒಂದೊಂದು ಹಳೆಯ ಗಾಜಿನ ಸಾಮಾನು ತಂದು ಕೂಡಿಸಿದ್ದೆ. ಬಟ್ಟಿ ಇಳಿಸಲು ಉದ್ದ ಮೂತಿಯ ಒಂದು ರಿಟಾರ್ಟು, ನಾಲ್ಕು ಬೀಕರು, ಮರಳು ತುಂಬಿದ ಒಂದು ಕಬ್ಬಿಣದ ಬಾಣಲೆ, ಸೀಮೆಎಣ್ಣೆ ಸ್ಟೌ — ಅಷ್ಟೇ. ಬೇರೆಯವರು ಸಂಜೆ ಹೊತ್ತು ಇಸ್ಪೀಟು ಆಡುತ್ತಿದ್ದರು, ಸಿನಿಮಾಕ್ಕೆ ಹೋಗುತ್ತಿದ್ದರು. ನಾನು ಭಾನುವಾರ ಪೂರ್ತಿ ಆ ಕೊಟ್ಟಿಗೆಯಲ್ಲಿ ಆಮ್ಲ ಮಾಡುತ್ತಿದ್ದೆ.

ಮಾಡುತ್ತಿದ್ದೆ ಅನ್ನುವುದಕ್ಕಿಂತ ತೊಳೆಯುತ್ತಿದ್ದೆ ಅನ್ನಬೇಕು. ಬ್ಯಾಟರಿ ಅಂಗಡಿಗೆ ಬರುವ ಗಂಧಕಾಮ್ಲಕ್ಕೆ ತೆಳ್ಳನೆ ಟೀ ಡಿಕಾಕ್ಷನ್ನಿನಂಥ ಬಣ್ಣ ಇರುತ್ತಿತ್ತು. ಅದರೊಳಗೆ ಏನೇನೋ ಕೊಳೆ. ಆ ಕೊಳೆಯನ್ನೆಲ್ಲ ಕಳೆದು, ಬಟ್ಟಿ ಇಳಿಸಿ, ಬಣ್ಣವೇ ಇಲ್ಲದ ಆಮ್ಲ ಪಡೆಯಬೇಕೆಂಬುದು ನನ್ನ ಹಟ. ಪುಸ್ತಕದಲ್ಲಿ ಹಾಗಾಗುತ್ತದೆ ಅಂತ ಓದಿದ್ದೆ; ನನ್ನ ಕೈಯಲ್ಲೂ ಆಗಬೇಕಿತ್ತು.

ಆ ಕೆಲಸಕ್ಕೆ ನಾನು ಹೆದರುತ್ತಿದ್ದೆ. ನೀರು ಕುದಿಯುವಾಗ ಸದ್ದು ಮಾಡಿ ಹೇಳಿಕೊಂಡು ಕುದಿಯುತ್ತದೆ. ಗಂಧಕಾಮ್ಲ ಹಾಗಲ್ಲ. ಎಣ್ಣೆಯ ಹಾಗೆ ಸುಮ್ಮನೆ ಕೂತಿರುತ್ತದೆ, ಕೂತೇ ಇರುತ್ತದೆ, ಆಮೇಲೆ ಒಂದೇ ಸಲ ಗಾಜಿನೊಳಗೇ ಎಗರುತ್ತದೆ. ಸ್ಟೌ ಹಚ್ಚಿಟ್ಟು ನಾನು ಕೊಟ್ಟಿಗೆಯ ಹಲಗೆ ಬಾಗಿಲ ಹಿಂದೆ ನಿಂತು ಸಂದಿಯಿಂದ ನೋಡುತ್ತಿದ್ದೆ. ಬಿಳಿ ಹೊಗೆ ಎದ್ದರೆ ಗಂಟಲು ಹಿಡಿದುಕೊಳ್ಳುತ್ತಿತ್ತು. ಒಂದು ಸಲ ಒಂದು ಹನಿ ಹಾರಿ ಪಂಚೆಯ ಮೇಲೆ ಬಿತ್ತು. ನೋಡುತ್ತಿದ್ದಂತೆ ಅಲ್ಲಿ ಬಟ್ಟೆ ಕಪ್ಪಾಗಿ, ಒಡೆದು, ತೂತಾಯಿತು. ಮನೆಯ ಯಜಮಾನಿ ಹಗ್ಗಕ್ಕೆ ಹಾಕಿದ್ದ ಸೀರೆಯಲ್ಲೂ ಸಣ್ಣ ಸಣ್ಣ ತೂತು ಕಂಡು, ಇನ್ನೊಂದು ಸಲ ಹೊಗೆ ಎದ್ದರೆ ಮನೆ ಖಾಲಿ ಮಾಡಬೇಕು, ನಿಮ್ಮ ಪೋಸ್ಟ್‌ಮಾಸ್ಟರಿಗೂ ಹೇಳುತ್ತೇನೆ ಅಂದಿದ್ದರು. ಆ ಮಾತಿಗೂ ಹೆದರಿದ್ದೆ. ಆದರೂ ಬಿಡಲಿಲ್ಲ. ಕದ್ದು ಮಾಡಿದೆ.

ಆಮ್ಲ ಸಿಗುತ್ತಿದ್ದುದು ಖಾದರ್ ಸಾಬರ ಬ್ಯಾಟರಿ ಅಂಗಡಿಯಲ್ಲಿ. ಲಾರಿ ನಿಲ್ಲುವ ಜಾಗಕ್ಕೆ ಹತ್ತಿರ, ಮುಂದೆ ಅಂಗಡಿ, ಹಿಂದೆ ಮನೆ. ಸಾಬರಿಗೆ ಆಗ ಮೂವತ್ತೈದು ಇರಬಹುದು. ಶಾಲೆ ಮೆಟ್ಟಿಲು ಹತ್ತಿದವರಲ್ಲ, ಆದರೆ ಬ್ಯಾಟರಿಯ ಮುಚ್ಚಳ ತೆಗೆದು ಮೂಸಿ ನೋಡಿಯೇ ಯಾವ ಸೆಲ್ ಸತ್ತಿದೆ ಅಂತ ಹೇಳುತ್ತಿದ್ದರು. ನನ್ನನ್ನು 'ಕೆಮಿಸ್ಟ್ರಿ ಸಾರ್' ಅಂತ ಕರೆಯುತ್ತಿದ್ದರು. ಅದರಲ್ಲಿ ಗೇಲಿ ಇರಲಿಲ್ಲ. ಓದಿದವನೊಬ್ಬ ತನ್ನ ಅಂಗಡಿಯ ಬೆಂಚಿನ ಮೇಲೆ ಕೂತು ತಾನು ದಿನಾ ಮುಟ್ಟುವ ಆಮ್ಲದ ಬಗ್ಗೆ ಮಾತಾಡುತ್ತಾನೆ ಅನ್ನುವುದು ಅವರಿಗೆ ಹೆಮ್ಮೆಯಾಗಿತ್ತು.

ಬ್ಯಾಟರಿಗೆ ಆಮ್ಲದಷ್ಟೇ ಬೇಕಾದದ್ದು ಡಿಸ್ಟಿಲ್ ವಾಟರ್. ಅದು ಜುಬೇದಮ್ಮನ ಕೆಲಸ. ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಮಾಡುವವರ ಮನೆಯ ಮಗಳು, ಕೈ ಬಹಳ ಚೊಕ್ಕ. ಹಿತ್ತಲಲ್ಲಿ ತಾಮ್ರದ ಹಂಡೆಗೆ ಕೊಳವೆ ಕೂಡಿಸಿ, ಆವಿಯನ್ನು ತಣ್ಣೀರ ತೊಟ್ಟಿಯೊಳಗೆ ಹಾಯಿಸಿ, ತಾವೇ ನೀರು ಬಟ್ಟಿ ಇಳಿಸುತ್ತಿದ್ದರು. ಗಾಜಿನ ಬಾಟಲಿಗಳನ್ನು ತೊಳೆದು, ಒಣಗಿಸಿ, ತುಂಬಿ, ಕಾರ್ಕು ಹಾಕಿ, ಕತ್ತಿಗೆ ಒಂದು ಹಸಿರು ರೇಷ್ಮೆ ದಾರ ಕಟ್ಟುತ್ತಿದ್ದರು. ದಾರ ಇದ್ದರೆ ನೀರು. ಇಲ್ಲದಿದ್ದರೆ ಆಮ್ಲ ಅಥವಾ ಏನೋ — ಮುಟ್ಟಬಾರದು. ಓದು ಬಾರದ ಆ ಹೆಣ್ಣುಮಗಳು ಮಾಡಿದ ಏರ್ಪಾಟು ಅದು. ನನ್ನ ಕೊಟ್ಟಿಗೆಯಲ್ಲಿ, ನಾನು ಓದಿದವನು, ಒಂದು ಬಾಟಲಿಯ ಮೇಲೂ ಚೀಟಿ ಅಂಟಿಸಿರಲಿಲ್ಲ. ನನಗೆ ಗೊತ್ತಿತ್ತಲ್ಲ ಯಾವುದು ಯಾವುದೆಂದು!

ಆ ವಾರ ನನ್ನ ಗಾಜಿನ ಬಿರಡೆಯ ಬಾಟಲಿ ಬಿಸಿಗೆ ಸೀಳು ಬಿಟ್ಟಿತ್ತು. ಸಾಬರನ್ನು ಕೇಳಿ ಎರಡು ಖಾಲಿ ಬಾಟಲಿ ತಂದಿದ್ದೆ. ಒಂದರ ಕತ್ತಿನಲ್ಲಿ ಹಳೆಯ ಹಸಿರು ದಾರ ಹಾಗೇ ಇತ್ತು. ನೋಡಿದ್ದೆ. ಬಿಚ್ಚಲಿಲ್ಲ. ಇಲ್ಲಿಗೆ ಬಂದಾಗಲೆಲ್ಲ ನನ್ನ ಬರವಣಿಗೆ ನಿಲ್ಲುತ್ತದೆ — ಒಂದು ಕತ್ತರಿ, ಅರ್ಧ ನಿಮಿಷ —

ಆ ಭಾನುವಾರ ನನ್ನ ಹಟ ಗೆದ್ದಿತು. ರಿಟಾರ್ಟಿನ ಮೂತಿಯಿಂದ ಹನಿ ಹನಿಯಾಗಿ ಇಳಿದದ್ದು ಬೆಳಕಿಗೆ ಹಿಡಿದರೆ ಬರೀ ಬೆಳಕು. ಬಣ್ಣವಿಲ್ಲ, ಮಬ್ಬಿಲ್ಲ, ನೀರಿಗಿಂತ ನೀರು. ಒಂದು ಸೌದೆ ಪುಳ್ಳೆ ಅದ್ದಿ ತೆಗೆದೆ, ಇದ್ದಿಲಾಯಿತು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ. ಆರಿದ ಮೇಲೆ ಹಸಿರು ದಾರದ ಬಾಟಲಿಗೆ ತುಂಬಿದೆ. ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂತು. ಇದನ್ನು ಯಾರಿಗಾದರೂ ತೋರಿಸಬೇಕಲ್ಲ. ರಾಮನಗರದಲ್ಲಿ ಇದರ ಬೆಲೆ ತಿಳಿಯುವವರು ಒಬ್ಬರೇ.

ಮಾರನೆಯ ದಿನ ಸೋಮವಾರ. ಸಾತನೂರಿನ ಅಂಚೆ ಕಚೇರಿಯವರು ರಜೆ ಹಾಕಿದ್ದರಿಂದ ಒಂದು ವಾರ ಅಲ್ಲಿ ನೋಡಿಕೊಳ್ಳಲು ನನ್ನನ್ನು ಹಾಕಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಟವನು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮೊದಲು ಸಾಬರ ಅಂಗಡಿಗೆ ಹೋದೆ. ಅವರಿರಲಿಲ್ಲ. ಒಳಗಿನಿಂದ ಜುಬೇದಮ್ಮ, ಲಾರಿ ಹತ್ರ ಹೋಗವ್ರೆ, ಕೂತ್ಕೊಳ್ಳಿ ಅಣ್ಣ ಅಂದರು. ಕೂತೆ. ಟವೆಲು ಬಿಚ್ಚಿ ಬಾಟಲಿಯನ್ನು ಬೆಂಚಿನ ಮೇಲಿಟ್ಟೆ. ಯಾರಾದರೂ ಕೈ ತಾಗಿಸಿ ಬೀಳಿಸಿಯಾರೆಂದು ಭಯವಾಯಿತು. ಎದ್ದು ಗೋಡೆಯ ಹಲಗೆಯ ಮೇಲಿಟ್ಟೆ. ಅಲ್ಲಿ ಜುಬೇದಮ್ಮ ತುಂಬಿಟ್ಟ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು.

ಬಸ್ಸು ಹಾರ್ನು ಮಾಡಿತು. ಇದನ್ನು ತಪ್ಪಿಸಿಕೊಂಡರೆ ಕನಕಪುರದಲ್ಲಿ ಸಾತನೂರಿನ ಬಸ್ಸು ಸಿಗುವುದಿಲ್ಲ ಅನ್ನುವುದೊಂದೇ ತಲೆಯಲ್ಲಿ. ಚೀಲ ಎತ್ತಿಕೊಂಡು ಓಡಿದೆ.

ನೆನಪಾದದ್ದು ಬಸ್ಸು ಊರು ದಾಟಿದ ಮೇಲೆ. ತೊಡೆಯ ಮೇಲಿದ್ದ ಟವೆಲನ್ನು ಮಡಿಸುತ್ತಿದ್ದೆ, ಅದರಲ್ಲಿ ಏನೂ ಇಲ್ಲ. ಕಂಡಕ್ಟರ್ ಟಿಕೆಟ್ ಕೇಳುತ್ತಿದ್ದಾನೆ, ನಾನು ಟವೆಲನ್ನೇ ಕೊಡವಿ ನೋಡುತ್ತಿದ್ದೇನೆ. ಇಳಿಯಬೇಕು ಅಂದುಕೊಂಡೆ. ಎದ್ದೂ ನಿಂತೆ. ಆಮೇಲೆ — ಇಳಿದು ವಾಪಸ್ಸು ನಡೆದು ಹೋದರೆ ಕೆಲಸಕ್ಕೆ ತಪ್ಪುತ್ತದೆ, ಯಾಕೆ ತಡ ಅಂತ ಕೇಳುತ್ತಾರೆ, ಕೊಟ್ಟಿಗೆಯ ವಿಷಯ ಹೊರಗೆ ಬರುತ್ತದೆ, ಮನೆ ಯಜಮಾನಿ — ಕೂತುಬಿಟ್ಟೆ. ಸಾಬರು ಅನುಭವಸ್ಥರು, ನೋಡಿದ ತಕ್ಷಣ ಗೊತ್ತಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ನೋಡಿದರೆ ಗೊತ್ತಾಗಬಾರದು ಅಂತಲೇ ಅಲ್ಲವೇ ಅಷ್ಟು ತಿಂಗಳು ಹೆಣಗಿದ್ದು?

ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೇ ರಾಮನಗರದ ಬಸ್ಸು ನಿಂತಿತ್ತು, ಅರ್ಧ ಖಾಲಿ. ಅದರ ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ ಕೂಡ. ಸಾತನೂರಿನ ಬಸ್ಸು ಬಂತು. ಅದನ್ನು ಹತ್ತಿದೆ.

ಇಷ್ಟಾದರೂ ಇನ್ನೂ ಒಂದು ದಾರಿಯಿತ್ತು. ಸಾತನೂರಿನ ಅಂಚೆ ಕಚೇರಿಯಲ್ಲಿ ಟೆಲಿಫೋನು ನನ್ನ ಮೇಜಿನ ಮೇಲೇ ಇತ್ತು. ರಾಮನಗರದ ಕಚೇರಿಗೆ ಒಂದು ಕರೆ, 'ಬ್ಯಾಟರಿ ಖಾದರ್ ಸಾಬರ ಅಂಗಡಿಗೆ ಹೋಗಿ ಹಲಗೆಯ ಮೇಲಿನ ಬಾಟಲಿ ಯಾರೂ ಮುಟ್ಟಬಾರದು ಅಂತ ಹೇಳಿ' ಅಂದರೆ ಮುಗಿಯುತ್ತಿತ್ತು. ಕಾಲು ಗಂಟೆಯ ಕೆಲಸ. ರಿಸೀವರ್ ಕೈಗೆತ್ತಿಕೊಂಡೆ. ಅದೇನು ಬಾಟಲಿ, ಅದರಲ್ಲೇನಿದೆ, ನೀನ್ಯಾಕೆ ಇಟ್ಟೆ ಅಂತ ಕೇಳಿದರೆ? ಇಟ್ಟುಬಿಟ್ಟೆ. ಬೆಳಿಗ್ಗೆ ಮಾಡೋಣ ಅಂದುಕೊಂಡೆ. ಬೆಳಿಗ್ಗೆ ಎದ್ದಾಗ ಹಿಂದಿನ ದಿನದ ಹೆದರಿಕೆ ಸ್ವಲ್ಪ ಇಳಿದಿತ್ತು. ಇಷ್ಟು ಹೊತ್ತು ಏನೂ ಆಗಿಲ್ಲ, ಇನ್ನೇನಾಗುತ್ತದೆ ಅನ್ನಿಸಿತು. ಹತ್ತು ಗಂಟೆಯ ಮೇಲೆ ರಾಮನಗರದಿಂದಲೇ ಕರೆ ಬಂತು, ಬೇರೆ ಯಾವುದೋ ಮನಿಯಾರ್ಡರಿನ ವಿಚಾರಕ್ಕೆ. ಮಾತು ಮುಗಿಯುವಾಗ ಆ ಕಡೆಯ ಸಹೋದ್ಯೋಗಿ, ನಿಮ್ಮ ದೋಸ್ತು ಬ್ಯಾಟರಿ ಸಾಬ್ರ ಮುಖಕ್ಕೆ ಆಸಿಡ್ ಸಿಡಿದುಬಿಟ್ಟೈತೆ, ಬೆಂಗಳೂರಿಗೆ ಹಾಕ್ಕೊಂಡು ಹೋದ್ರು ಅಂದ.

ಆ ವಾರವೆಲ್ಲ ನಾನು ಹೇಗೆ ಕಳೆದೆನೋ. ಅಂಚೆಗೆ ಮುದ್ರೆ ಒತ್ತುವ ಸದ್ದಿಗೆ ನಾನೇ ಬೆಚ್ಚಿಬೀಳುತ್ತಿದ್ದೆ. ಖಾಕಿ ಬಟ್ಟೆ ಹಾಕಿದ ಯಾರು ಬಾಗಿಲಿಗೆ ಬಂದರೂ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಬರುತ್ತಿದ್ದವನು ನಮ್ಮ ಪೋಸ್ಟ್‌ಮನ್ನೇ.

ವಾರ ಕಳೆದು ಆಸ್ಪತ್ರೆಗೆ ಹೋದೆ. ಹೋಗದೆ ಇದ್ದರೆ ಅನುಮಾನ ಬಂದೀತೆಂದು ಹೋದೆ, ಹೇಳಿಬಿಡುತ್ತೇನೆ — ನೋಡಲು ಮನಸ್ಸಾಗಿ ಹೋದದ್ದಲ್ಲ. ವರಾಂಡದಲ್ಲಿ ಜುಬೇದಮ್ಮ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಕಂಡು ಎದ್ದು ಹತ್ತಿರ ಬಂದರು.

"ಅಣ್ಣ, ನೀವು ಅವತ್ತು ಅಂಗ್ಡೀಲಿ ಕೂತಿದ್ರಲ್ಲ. ಯಾರಾದ್ರೂ ಬಂದು ಹಲಗೆ ಮೇಲಿನ ಬಾಟ್ಲಿ ಮುಟ್ಟಿದ್ದು ನೋಡಿದ್ರಾ?"

ಅವರ ಕಣ್ಣಿನಲ್ಲಿ ಅನುಮಾನ ಇರಲಿಲ್ಲ. ನಾನು ಅವರ ಸಾಕ್ಷಿ ಆಗಬಹುದೆಂಬ ಆಸೆ ಮಾತ್ರ ಇತ್ತು.

"ಯಾರನ್ನೂ ನೋಡ್ಲಿಲ್ಲಮ್ಮ," ಅಂದೆ.

ಒಳಗೆ ಸಾಬರ ಮುಖದ ಅರ್ಧಕ್ಕೆ ಬ್ಯಾಂಡೇಜು. ಆ ಬೆಳಿಗ್ಗೆ ಒಂದು ಲಾರಿಯ ಬ್ಯಾಟರಿಗೆ ನೀರು ಕಮ್ಮಿಯಾಗಿದೆಯೆಂದು ಹಲಗೆಯ ಮೇಲಿನ ಬಾಟಲಿ ತೆಗೆದು, ಬಗ್ಗಿ ನೋಡುತ್ತಾ ಸುರಿದಿದ್ದರು. ಸೆಲ್ಲಿನೊಳಗಿನಿಂದ ಕುದ್ದು ಮುಖಕ್ಕೆ ಎದ್ದಿತ್ತು. ಪೊಲೀಸರು ಬಂದಾಗ, ನಾನೇ ನೋಡದೆ ಸುರ್ಕೊಂಡೆ, ಯಾರ ತಪ್ಪೂ ಇಲ್ಲ ಅಂತ ಬರೆಸಿದ್ದರಂತೆ. ನನ್ನನ್ನು ಹತ್ತಿರ ಕರೆದು, ಹೆಂಡತಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು.

"ದಾರ ನೋಡ್ದೆ ಸಾರ್. ಹಸಿರು ದಾರ ಇತ್ತು. ಅದ್ಕೇ ಸುರಿದೆ. ಆದ್ರೆ ನಮ್ಮ ಆಸಿಡ್ಗೆ ಬಣ್ಣ ಇರ್ತದೆ. ಇದು ನೀರಂಗಿತ್ತು. ನೀವು ಓದಿದೋರು, ಹೇಳಿ. ಹೆಂಗಾಯ್ತು ಇದು?"

ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನನ್ನ ಜೀವಮಾನದಲ್ಲಿ ಯಾರೂ ಕೇಳಿಲ್ಲ. ಹೇಳಬೇಕಿದ್ದುದು ನಾಲ್ಕು ಮಾತು. ನಾನು ಹೇಳಿದ್ದು ಇದು:

"ನೀರು ಬೆರೆತ್ರೆ ಆಸಿಡ್ ಬಣ್ಣ ಕಾಣಲ್ಲ ಸಾಬ್ರೆ. ಬಾಟ್ಲಿ ತಳದಲ್ಲಿ ಆಸಿಡ್ ಉಳಿದಿದ್ದದ್ದು ಗೊತ್ತಾಗದೆ ಮನೇಲಿ ಅದರ ಮೇಲೇ ನೀರು ತುಂಬಿರ್ಬೇಕು."

ಸುಳ್ಳು. ನೀರು ಬೆರೆತ ಆಮ್ಲ ಹಾಗೆ ಎಗರುವುದಿಲ್ಲ, ಹಾಗೆ ಸುಡುವುದಿಲ್ಲ. ಅದು ನನಗೆ ಎಷ್ಟು ಚೆನ್ನಾಗಿ ಗೊತ್ತಿತ್ತೋ ಅಷ್ಟೇ ಚೆನ್ನಾಗಿ ಅವರಿಗೆ ಗೊತ್ತಿಲ್ಲವೆಂಬುದೂ ಗೊತ್ತಿತ್ತು. ನಾನು ಕಲಿತ ಕೆಮಿಸ್ಟ್ರಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಒಂದು ಸಲವೇ.

ಸಾಬರು ಒಂದು ಕಣ್ಣಲ್ಲೇ ಬಾಗಿಲ ಕಡೆ ನೋಡಿದರು. ಆಮೇಲೆ, "ನಂಗೂ ಹಂಗೇ ಅನ್ನಿಸ್ತು. ಅವ್ಳಿಗೆ ಹೇಳ್ಬೇಡಿ," ಅಂದರು.

ಆ ಕ್ಷಣ ನನಗೆ ಆದದ್ದು ಸಮಾಧಾನ. ನಾಚಿಕೆಯಲ್ಲ, ದುಃಖವಲ್ಲ. ಸಮಾಧಾನ. ಹೊರಗೆ ಬಂದು ಜುಬೇದಮ್ಮನ ಎದುರಿಗೇ ಹಾದು, ಆಸ್ಪತ್ರೆಯ ಗೇಟಿನಲ್ಲಿ ನಿಂತು ಒಂದು ಲೋಟ ಕಾಫಿ ಕುಡಿದೆ. ಅದರ ರುಚಿ ಕೂಡ ನೆನಪಿದೆ.

ಸಾಬರು ಹೆಂಡತಿಗೆ ಹೇಳದೆ ಉಳಿಯಲಿಲ್ಲ. ಹೇಗೆ ಉಳಿದಾರು? ಬೀದಿಗೂ ಗೊತ್ತಾಯಿತು — 'ಓದಿದೋರೇ ಹೇಳವ್ರೆ' ಅಂತ ಸೇರಿಸಿಕೊಂಡು. ಸಾಬರ ತಾಯಿ ಸೊಸೆಯನ್ನು ಚನ್ನಪಟ್ಟಣದ ತವರಿಗೆ ಕಳಿಸಿದರು. ಆಗ ಅವರು ಮೂರು ತಿಂಗಳ ಬಸುರಿ. ಮಗ ಹುಟ್ಟಿ ಒಂದು ವರ್ಷ ಕಳೆದ ಮೇಲೆ ಕರೆಸಿಕೊಂಡರು. ಹಿತ್ತಲಿನ ತಾಮ್ರದ ಹಂಡೆಯನ್ನು ಅಷ್ಟರಲ್ಲಿ ಮಾರಿದ್ದರು. ಅಂಗಡಿಯ ಒಂದು ಸಾಮಾನನ್ನೂ ಜುಬೇದಮ್ಮ ಮುಟ್ಟುವ ಹಾಗಿರಲಿಲ್ಲ.

ನಾನು? ಯಜಮಾನಿ ಊರಿಗೆ ಹೋಗಿದ್ದ ಒಂದು ಬೆಳಿಗ್ಗೆ ರಿಟಾರ್ಟು, ಬೀಕರು ಎಲ್ಲವನ್ನೂ ಗೋಣಿಚೀಲದಲ್ಲಿ ಒಡೆದು ಒಂದು ಹಾಳು ಬಾವಿಗೆ ಹಾಕಿದೆ. ಕೊಟ್ಟಿಗೆಗೆ ಸುಣ್ಣ ಬಳಿದೆ. ಮಾಗಡಿಗೆ ವರ್ಗ ಕೇಳಿಕೊಂಡು ಹೋದೆ. ಮದುವೆಯಾಯಿತು, ಮಕ್ಕಳಾದರು. ಜನ ನನ್ನನ್ನು ಬಹಳ ಜೋಪಾನದ ಮನುಷ್ಯ ಅನ್ನುತ್ತಿದ್ದರು. ಮನೆಯಲ್ಲಿ ಸೀಮೆಎಣ್ಣೆ, ಫಿನಾಯಿಲು ಯಾವುದನ್ನೂ ಚೀಟಿಯಿಲ್ಲದೆ ಇಡಲು ಬಿಡುತ್ತಿರಲಿಲ್ಲ. ಕುಡಿಯುವ ನೀರನ್ನು ಮೂಸದೆ ಬಾಯಿಗಿಡುತ್ತಿರಲಿಲ್ಲ. ಹೆಂಡತಿ ಯಾಕೆಂದು ಕೇಳಿದರೆ ಏನೋ ಅಭ್ಯಾಸ ಅನ್ನುತ್ತಿದ್ದೆ. ಮೊದಮೊದಲು ಪೊಲೀಸರ ಭಯ. ಆಮೇಲೆ ಸಾಬರಿಗೆ ಯಾವಾಗಲಾದರೂ ಹೊಳೆದೀತೆಂಬ ಭಯ — ಆ ಎರಡು ಖಾಲಿ ಬಾಟಲಿ ಕೊಟ್ಟದ್ದು ಅವರೇ ಅಲ್ಲವೇ? ಕಡೆಕಡೆಗೆ ಯಾವುದರ ಭಯ ಎಂದೇ ತಿಳಿಯದ ಭಯ. ಅದು ಊಟಕ್ಕೆ ಕೂತರೆ ಪಕ್ಕದಲ್ಲಿ ಬಂದು ಕೂರುತ್ತಿತ್ತು.

ಸಾಬರು ಕೆಲವು ವರ್ಷದ ಹಿಂದೆ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಮಗ ರಿಯಾಜ್, ಚನ್ನಪಟ್ಟಣದಲ್ಲಿ ಹುಟ್ಟಿದವನು, ಈಗ ಇನ್ವರ್ಟರ್ ಅಂಗಡಿ ಇಟ್ಟಿದ್ದಾನೆ. ಮಾತಿನ ನಡುವೆ, ಅವನ ಅಮ್ಮ ಮೊಮ್ಮಕ್ಕಳ ಹಾಲಿನ ಬಾಟಲಿಯನ್ನು ಯಾವತ್ತೂ ತುಂಬಿಕೊಡಲಿಲ್ಲ, ಸೊಸೆ ತುಂಬಿದರೂ ಮೊದಲು ತಮ್ಮ ನಾಲಿಗೆಗೆ ಬಿಟ್ಟುಕೊಂಡು ನೋಡುತ್ತಿದ್ದರು ಅಂದ. "ನಮ್ಮಮ್ಮ ಒಸಿ ಹಂಗೇ ಸಾರ್," ಅಂತ ನಕ್ಕ. ನಾನೂ ನಗಬೇಕಾಯಿತು. ಮನೆಗೆ ಬಂದು ಮೂರು ದಿನ ಜ್ವರ.

ಆಮೇಲೂ ವರ್ಷಗಳು ಹೋದವು. ನನ್ನ ಹೆಂಡತಿಯೂ ಹೋದಳು. ಹೋದ ತಿಂಗಳು, ಒಂದು ಗುರುವಾರ ಬೆಳಿಗ್ಗೆ, ಯಾಕೆ ಅವತ್ತೇ ಎಂದು ಹೇಳಲಾರೆ, ಮಾಗಡಿಯಿಂದ ರಾಮನಗರದ ಬಸ್ಸು ಹತ್ತಿದೆ. ಇಳಿದುಬಿಡುತ್ತೇನೇನೋ ಎಂದು ಕಿಟಕಿಯ ಸರಳನ್ನು ಹಿಡಿದೇ ಕೂತಿದ್ದೆ.

ಜುಬೇದಮ್ಮ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದು, ಬನ್ನಿ ಅಣ್ಣ ಅಂತ ಕುರ್ಚಿ ಹಾಕಿದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಆ ಭಾನುವಾರ, ಆ ದಾರ, ಹಲಗೆ, ಬಸ್ಸು, ಟೆಲಿಫೋನು, ಆಸ್ಪತ್ರೆಯಲ್ಲಿ ಅವರಿಗೆ ಹೇಳಿದ್ದು, ಅವರ ಗಂಡನಿಗೆ ಹೇಳಿದ್ದು. ಅವರು ಸೊಪ್ಪಿನಿಂದ ತಲೆಯೆತ್ತಲಿಲ್ಲ. ಕೈ ಮಾತ್ರ ನಿಂತಿತ್ತು.

"ಅವ್ರಿದ್ದಾಗ ಯಾಕೆ ಬರ್ಲಿಲ್ಲ?" ಅಂದರು ಕೊನೆಗೆ.

ಭಯವಾಗಿತ್ತು ಅಂದೆ.

"ನಂಗೂ ಭಯ ಇತ್ತು ಅಣ್ಣ. ದಿನಾ ಆ ಕಣ್ಣಿಗೆ ಔಷಧಿ ಹಾಕ್ತಿದ್ದೋಳು ನಾನು. ಒಂದಿನಾನೂ ಅವ್ರು ನನ್ನ ಬೈಲಿಲ್ಲ. ಡಬ್ಬಿ ಮೇಲೆ ಏನು ಬರ್ದೈತೆ ಅಂತ ಅಕ್ಕಪಕ್ಕದೋರ ಕೈಲೋ ರಿಯಾಜ್ ಕೈಲೋ ಓದಿಸ್ಕೊಂಡು, ಆಮೇಲೆ ಕಣ್ಣು ಬಿಡೋರು. ಸಾಯೋ ತನಕ."

ಅಳು ಬರುತ್ತದೆ ಅಂದುಕೊಂಡಿದ್ದೆ, ಬೈಗುಳ ಬರುತ್ತದೆ ಅಂದುಕೊಂಡಿದ್ದೆ. ಎರಡೂ ಬರಲಿಲ್ಲ. ಅವರು ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಅಂಗಡಿಯಿಂದ ಮಗನನ್ನು, ಒಳಗಿನಿಂದ ಸೊಸೆಯನ್ನು ಕರೆದರು. ಪಕ್ಕದ ಮನೆಯಿಂದ ನಾದಿನಿಯನ್ನೂ ಕರೆಸಿದರು. ನಾದಿನಿಗೆ ನನ್ನಷ್ಟೇ ವಯಸ್ಸು. ತವರಿಗೆ ಕಳಿಸಿದ ದಿನ ಜುಬೇದಮ್ಮನ ಟ್ರಂಕನ್ನು ಬಸ್ಸಿಗೆ ಹಾಕಿದವರು ಅವರೇ. ಎಲ್ಲರನ್ನೂ ಕೂರಿಸಿ ಜುಬೇದಮ್ಮ ಅಂದದ್ದು ಇಷ್ಟು: ಇವರು ಏನೋ ಹೇಳಬೇಕಂತೆ, ಕೇಳಿ.

ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕು ಜೊತೆ ಕಣ್ಣು ನನ್ನ ಮೇಲೆ. ಶುರುಮಾಡಿದೆ. ಹೇಳುತ್ತಾ ಹೇಳುತ್ತಾ ಅದೇನಾಯಿತೋ — ನನ್ನ ಮಾತು ತಾನಾಗಿಯೇ ಪಕ್ಕಕ್ಕೆ ಸರಿಯಿತು. ನನ್ನದೊಂದು ಬಾಟಲಿ ಹೇಗೋ ನೀರಿನ ಬಾಟಲಿಗಳ ಜೊತೆ ಸೇರಿಕೊಂಡಿತ್ತು ಅಂದೆ.

ಜುಬೇದಮ್ಮ ಕೈಯೆತ್ತಿ ತಡೆದರು.

"ಸೇರ್ಕೊಂಡಿತ್ತು ಅನ್ಬೇಡಿ. ಇಟ್ಟೆ ಅನ್ನಿ."

ನಲವತ್ತು ವರ್ಷ ನನ್ನೊಳಗೆ ನಾನು ಹೇಳಿಕೊಳ್ಳುತ್ತಿದ್ದುದು ಸೇರಿಕೊಂಡಿತ್ತು ಎಂದೇ. ಅದು ಆಗ ಗೊತ್ತಾಯಿತು. ಇಟ್ಟೆ ಅಂದೆ. ನಾನು ಇಟ್ಟೆ. ನಾನು ದಾರ ಬಿಚ್ಚಲಿಲ್ಲ. ನಾನು ಸುಳ್ಳು ಹೇಳಿದೆ.

ರಿಯಾಜ್ ಎದ್ದು ನನ್ನ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೆ ಒಳ್ಳೆಯದು ಅಂತಲೂ ಅಂದುಕೊಂಡೆ. ಅವನು ಹೊಡೆಯಲಿಲ್ಲ. ಇನ್ಮೇಲೆ ಈ ಬೀದಿಗೆ ಬರಬೇಡಿ ಅಂತ ಮಾತ್ರ ಹೇಳಿ ಅಂಗಡಿಗೆ ಹೋಗಿಬಿಟ್ಟ. ನಾದಿನಿ ಜುಬೇದಮ್ಮನ ಮೊಣಕಾಲ ಮೇಲೆ ಕೈಯಿಟ್ಟರು. ಜುಬೇದಮ್ಮ ಆ ಕೈಯನ್ನು ತೆಗೆಯಲೂ ಇಲ್ಲ, ಹಿಡಿದುಕೊಳ್ಳಲೂ ಇಲ್ಲ.

ನಾನು ಕ್ಷಮೆ ಕೇಳಲಿಲ್ಲ. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅದನ್ನೂ ಅವರಿಂದಲೇ ಇಸಿದುಕೊಳ್ಳುವುದು ಹೇಗೆ?

ಗೇಟಿನವರೆಗೆ ಜುಬೇದಮ್ಮ ಬಂದರು. ಚನ್ನಪಟ್ಟಣದಲ್ಲಿ ಅವರ ತಮ್ಮ ಇದ್ದಾರೆ. ಅಕ್ಕ ಬಸುರಿಯಾಗಿ ಟ್ರಂಕು ಹಿಡಿದು ಬಂದಾಗ ಬಸ್‌ಸ್ಟ್ಯಾಂಡಿನಿಂದ ಮನೆಗೆ ಕರೆದುಕೊಂಡು ಹೋದವರು ಅವರು. ಅಪ್ಪ ಅಮ್ಮ ಇಬ್ಬರೂ ಮಗಳೇ ತಪ್ಪು ಮಾಡಿದಳು ಎಂದು ನಂಬಿಕೊಂಡೇ ಸತ್ತರಂತೆ. ಇನ್ನು ಉಳಿದಿರುವುದು ತಮ್ಮ ಒಬ್ಬರೇ. ಅವರಿಗೆ ತಾವು ಹೇಳಿದರೆ ಆಗುವುದಿಲ್ಲ, ನಾನೇ ಹೋಗಿ ಹೇಳಬೇಕು ಅಂದರು. ಅವರಿಗೆ ಸಿಟ್ಟು ಜಾಸ್ತಿ ಅಂತಲೂ ಹೇಳಿದರು. ಮೊಮ್ಮಗಳು ತಮಗೆ ಓದಿ ಹೇಳುವ ಹಾಗೆ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಡಿ ಅಂತಲೂ ಕೇಳಿದರು. ಅದಕ್ಕೇ ಇದನ್ನು ಬರೆದದ್ದು. ಪ್ರತಿ ಸಾಲನ್ನೂ ಎರಡೆರಡು ಸಲ ಓದಿ, ಎಲ್ಲೆಲ್ಲಿ ನುಣುಚಿಕೊಂಡಿದ್ದೇನೋ ಅಲ್ಲೆಲ್ಲ ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ. ಇನ್ನೂ ಎಲ್ಲಾದರೂ ಉಳಿದಿದ್ದರೆ ಆ ಹುಡುಗಿ ಕಂಡುಹಿಡಿಯಲಿ.

ನಾಳೆ ಬೆಳಿಗ್ಗೆ ಚನ್ನಪಟ್ಟಣಕ್ಕೆ ಹೊರಡುತ್ತೇನೆ. ಆ ತಮ್ಮನ ಮುಖ ನಾನು ನೋಡಿಲ್ಲ. ಬಾಗಿಲು ತೆರೆದು ಯಾರು ನೀವು ಅಂತ ಕೇಳುತ್ತಾರೆ. ಆಗ ಏನು ಹೇಳಬೇಕೆಂದು ಬೆಳಗಿನಿಂದ ಬಾಯಲ್ಲೇ ಹೇಳಿ ನೋಡಿಕೊಳ್ಳುತ್ತಿದ್ದೇನೆ. ಬಾಟಲಿ ಇಟ್ಟವನು ನಾನು — ಪ್ರತಿ ಸಲವೂ ಅಲ್ಲಿಂದಲೇ ಶುರುಮಾಡುತ್ತೇನೆ.